ಪೆನ್ನಿನ ಗೆರೆಯವರೆಗೆ

"ಮೀನಿಗೆ ಮದ್ದ್ ಹಾಕಿದ್ರಿ ನೀವ್! ಬೇಕಾರೆ ಮೂಸಿ ಕಾಣಿ!"

ತಲ್ಲೂರಿನ ಹೆದ್ದಾರಿ ಬದಿಯ ಹೋಟೆಲಿನ ಹಿಂಬಾಗಿಲಲ್ಲಿ ನಿಂತು ಯಜಮಾನ ಕೀರ್ತನ್ ಹೀಗೆ ಕೂಗಿದಾಗ, ಪ್ರಣೀತಾ ಇನ್ನೂ ಸ್ಕೂಟರಿನಿಂದ ಇಳಿದಿರಲಿಲ್ಲ.

ಅವಳು ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿದಳು. ಒಳಗೆ ಬಂದು ಅಂಜಲ್ ಮೀನಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

ಗಂಗೊಳ್ಳಿಯ ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಅವಳ ಕೆಲಸವೇ ಅದು. ಯಾವ ಮೀನು ಒಳ್ಳೆಯದು, ಯಾವುದು ಹಾಳು ಎಂದು ನೋಡಿ ಸಹಿ ಹಾಕುವುದು. ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಿದವಳು. ಆದರೆ ಓದಿಗಿಂತ ಮೊದಲೇ ಅವಳಿಗೆ ಮೂಗು ಇತ್ತು. ಕಿವಿರು ಎತ್ತಿ ಮೂಸಿದರೆ ಸಾಕು, ಯಾವ ದಿನ ಬಲೆಗೆ ಬಿದ್ದದ್ದು ಎಂದು ಹೇಳುತ್ತಿದ್ದಳು.

ಅವಳು ಮೀನನ್ನು ಮೂಸಿದಳು. ಆಮೇಲೆ ಮೀನಿನ ಮೇಲಿದ್ದ ಐಸನ್ನು.

"ಮೀನ್ ನಿನ್ನೆ ಬೆಳಿಗ್ಗಿದ್. ಒಳ್ಳೇದೇ ಇತ್ತ್. ಈ ಐಸ್ ಎಲ್ಲಿದ್?"

ಅಡುಗೆಯ ನಾಗಣ್ಣ ತಲೆ ಕೆರೆದುಕೊಂಡ. "ನಮ್ ಐಸ್ ಮುಗ್ದಿತ್ತ್. ಮೇಲಿಂದ ಒಂದ್ ಬಕೆಟ್ ತಂದ್ ಸುರ್ದೆ..."

"ಆ ಬಕೆಟ್ಟಿಗೆ ಯಾರೋ ಎಂತದೋ ಚೆಲ್ಲಿದ್ರ್." ಪ್ರಣೀತಾ ಕಣ್ಣು ಮುಚ್ಚಿದಳು. "ಹೊಗೆ ವಾಸ್ನೆ. ಬೋಟಿನ ಹಳೇ ಹಗ್ಗ. ಡಾಂಬರ್. ಗಾಯಕ್ಕೆ ಹಚ್ಚು ಅಯೋಡಿನ್. ಕಡೀಗೆ... ಬಿಸ್ಲಲ್ಲ್ ಒಣ್ಗಿದ್ ಸಮುದ್ರದ ಪಾಚಿ."



ಅವಳು ಕಣ್ಣು ತೆರೆದಾಗ ಕೀರ್ತನ್‌ನ ಮುಖದಲ್ಲಿ ಸಿಟ್ಟು ಇರಲಿಲ್ಲ. ಬೇರೇನೋ ಇತ್ತು!

"ಮೇಡಮ್..." ಅವನು ತೊದಲಿದ. "ಅದ್ ವಿಸ್ಕಿ. ಸ್ಕಾಟ್ಲೆಂಡಿನ ಒಂದ್ ದ್ವೀಪದ್ದ್. ಅಲ್ಲಿ ಜೌಗು ಮಣ್ಣ್ ಸುಟ್ಟ್, ಆ ಹೊಗೇಲಿ ಬಾರ್ಲಿ ಒಣಗಿಸ್ತ್ರ್. ನಾ ಎರಡ್ ವರ್ಷದಿಂದ ಅದ್ರ ವಾಸ್ನೆಗೆ ಹೆಸ್ರ್ ಹುಡುಕ್ತಾ ಇದ್ದೆ. ನಂಗೆ ಸಿಕ್ಕದ್ದ್ ಒಂದೇ ಶಬ್ದ. ಹೊಗೆ. ನಿಮ್ಗೆ ಒಂದೇ ಉಸ್ರಿಗೆ ಐದ್!"

"ಹಾಂಗಾರೆ ಮೀನಿಗೆ ಮದ್ದ್ ಹಾಕದ್ದ್ ಯಾರ್?" ಅವಳು ಎದ್ದು ನಿಂತಳು.

"ನಾವೇ," ಎಂದ ಕೀರ್ತನ್. ಕಿವಿಯವರೆಗೂ ಕೆಂಪಾಗಿದ್ದ. "ತಪ್ಪಾಯ್ತ್ ಮಾರಾಯ್ರೆ."

ನಾಗಣ್ಣ ಮುಖ ತಿರುಗಿಸಿ ನಕ್ಕ. ಪ್ರಣೀತಾಳಿಗೂ ತುಟಿಯ ತುದಿಯಲ್ಲಿ ಏನೋ ಅಲುಗಾಡಿತು. ಅದು ನಗು ಎಂದು ಅವಳಿಗೆ ಗೊತ್ತಾದದ್ದು ಸ್ಕೂಟರ್ ಹೆಮ್ಮಾಡಿ ದಾಟಿದ ಮೇಲೆ.

ಮೂರು ವರ್ಷವಾಗಿತ್ತು ಅವಳು ನಕ್ಕು...

* * *

ಆ ಐಸಿನ ಕಥೆ ಇಷ್ಟೇ. ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ, ಕೀರ್ತನ್‌ನ ಹೋಟೆಲಿನ ಮೇಲಂತಸ್ತಿನಲ್ಲಿ ಹತ್ತು ಹನ್ನೆರಡು ಜನ ವಿಸ್ಕಿಪ್ರಿಯರು ಸೇರುತ್ತಿದ್ದರು. ಕುಡಿದು ಮತ್ತೇರಿಸಿಕೊಳ್ಳಲು ಅಲ್ಲ. ಒಂದೊಂದು ಚಮಚೆಯಷ್ಟು ಹಾಕಿಕೊಂಡು, ಮೂಸಿ, ನಾಲಿಗೆಗೆ ಸವರಿ, ಯಾವುದು ಮೇಲು ಎಂದು ಜಗಳ ಮಾಡಲು!

ವಿಸ್ಕಿಗೆ ಐಸ್ ಹಾಕುವುದು ಅಲ್ಲಿ ಮಹಾಪಾಪ. ಹಾಗಾಗಿ ಐಸಿನ ಬಕೆಟ್ಟು ಗ್ಲಾಸಿನಲ್ಲಿ ಉಳಿದದ್ದನ್ನು ಚೆಲ್ಲುವುದಕ್ಕೆ.

ಮುಂದಿನ ತಿಂಗಳು ಕೀರ್ತನ್ ಅವಳನ್ನು ಕರೆದ. ಬರುವುದಿಲ್ಲ ಎಂದಳು. ಅದರ ಮುಂದಿನ ತಿಂಗಳು ಮತ್ತೆ ಕರೆದ.

"ಕುಡೂದ್ ಬೇಡ. ಮೂಸಿರೆ ಸಾಕ್. ನೀವ್ ಹೇಳದ್ದ್ ನಾ ಬರ್ಕಂತೆ, ಅಷ್ಟೇ."

'ಕುಡೀಬೇಡ, ಮೂಸಿ ಕಾಣ್.' ಇದೇ ಮಾತನ್ನು ಇನ್ನೊಬ್ಬ ಹೇಳಿದ್ದ...

ಜಿತೇಂದ್ರ. ಅವಳ ಗಂಡ. ಪ್ರವಾಸಿ ಹಡಗಿನಲ್ಲಿ ಬಾರ್ ನೋಡಿಕೊಳ್ಳುತ್ತಿದ್ದ. ಕೊನೆಯ ಸಲ ಊರಿಗೆ ಬಂದಾಗ ಒಂದು ಬಾಟ್ಲಿ ತಂದಿದ್ದ. ಒಂದು ಸಂಜೆ ಜಗಲಿಯಲ್ಲಿ ಕೂತು ಅದನ್ನು ತೆರೆದು, ತಾನು ಎರಡು ಗುಟುಕು ಕುಡಿದು, ಗ್ಲಾಸನ್ನು ಅವಳ ಮೂಗಿನ ಹತ್ತಿರ ಹಿಡಿದಿದ್ದ. ಜೋನಿ ಬೆಲ್ಲ, ಸುಟ್ಟ ಕಿತ್ತಳೆ ಸಿಪ್ಪೆ, ಹೊಸ ಮರದ ಪೆಟ್ಟಿಗೆ. ಅವಳು ಹೇಳುತ್ತಾ ಹೋದಂತೆ ಅವನು ಬೆರಗಾಗಿದ್ದ.

ಆಮೇಲೆ ಲೇಬಲ್ಲಿನ ಮೇಲೆ, ವಿಸ್ಕಿ ಇದ್ದ ಮಟ್ಟಕ್ಕೆ, ಬಾಲ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿದ್ದ.

"ಇಲ್ಲಿವರೆಗ್ ನಂದ್. ಉಳದದ್ದ್ ನಮ್ಮಿಬ್ಬರದ್ದ್. ಪ್ರತಿ ವರ್ಷ ನಮ್ ಮದ್ವೆ ಆದ್ ದಿನ ಒಂಚೂರ್."

ಹನ್ನೊಂದು ದಿನ ಕಳೆದು, ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ...

ಪ್ರಣೀತಾ ಬಾಟ್ಲಿಯನ್ನು ಕಪಾಟಿನಲ್ಲಿಟ್ಟಳು. ಬೀಗ ಹಾಕಿದಳು. ಬಿರಡೆ ಮತ್ತೆ ತೆಗೆಯಲಿಲ್ಲ. ಅಂದಿನಿಂದ ಅವಳ ಮೂಗಿಗೆ ಎರಡೇ ವಾಸನೆ. ಒಳ್ಳೆಯ ಮೀನು. ಹಾಳಾದ ಮೀನು.

ನವೆಂಬರಿನ ಭಾನುವಾರ ಅವಳು ಹೋದಳು.

* * *

"ನೀರ್ ಹಾಕೂದಾ? ವಿಸ್ಕಿಗಾ? ಹ್ವಾಯ್, ಅದ್ ಮಜ್ಜಿಗಿ ಅಂದ್ಕಂಡ್ರ್ಯಾ!"

ಬಾಗಿಲಲ್ಲೇ ಕೇಳಿಸಿತು. ಬೈಂದೂರಿನ ಪ್ರಖ್ಯಾತ್. ಹೊಗೆ ಇಲ್ಲದ್ದು ವಿಸ್ಕಿಯೇ ಅಲ್ಲ ಎನ್ನುವವನು. ಹೊಗೆ ಹೆಚ್ಚಿದಷ್ಟೂ ಗಂಡಸುತನ ಹೆಚ್ಚು ಎಂಬುದು ಅವನ ವಾದ.

"ಎರಡೇ ತೊಟ್ಟ್ ಮಾರಾಯ," ಎಂದರು ಸಾಲಿಗ್ರಾಮದ ರತ್ನಾಕರ ಶೆಟ್ರು, ಈ ಕೂಟದ ಹಿರಿಯರು. ಮುಂಬೈಯ ಹೋಟೆಲುಗಳಲ್ಲಿ ಮೂವತ್ತು ವರ್ಷ ಕಳೆದು ಬಂದವರು. "ನೀರ್ ಬಿದ್ರೆ ಅದ್ ಬಾಯ್ ಬಿಡತ್ತ್. ನಂಗೆ ನಿನ್ನ ಹೊಗೆ ಬೇಡ. ದ್ರಾಕ್ಷಿ ವೈನಿನ ಪೀಪಾಯಿಯಲ್ಲ್ ಹನ್ನೆರಡ್ ವರ್ಷ ಕೂತದ್ದ್ ಕೊಡ್. ಸಿಹಿಯಾಗಿ, ಮೆತ್ತಗೆ..."

"ಹಾಂಗಾರೆ ಹಾಲ್‌ಬಾಯಿ ತಿನ್ನಿ ಶೆಟ್ರೆ!"

ಎಲ್ಲರೂ ಗೊಳ್ಳೆಂದು ನಕ್ಕರು. ಪ್ರಣೀತಾ ಒಳಗೆ ಬಂದಾಗ ನಗು ನಿಂತಿತು.

ಕೀರ್ತನ್ ಕುರ್ಚಿ ಎಳೆದ. ಅವಳ ಮುಂದೆ ಮೂರು ಗ್ಲಾಸು, ಮೇಲೆ ತಟ್ಟೆ ಮುಚ್ಚಿದ್ದು. ಯಾವುದರಲ್ಲಿ ಏನು ಎಂದು ಅವನು ಹೇಳಲಿಲ್ಲ.

ಅವಳು ಮೊದಲ ತಟ್ಟೆ ಎತ್ತಿದಳು. "ಒಣ ದ್ರಾಕ್ಷಿ. ಕಷಾಯ ಕುದ್ಸಿದ್ ಪಾತ್ರೆ. ಹಳೇ ಬೀಟೆ ಮರದ ಪೆಟ್ಟಿಗಿ, ಅಜ್ಜಿ ಸೀರೆ ಇಡ್ತಿದ್ದದ್ದ್."

ರತ್ನಾಕರ ಶೆಟ್ರು ಎದೆ ಮುಟ್ಟಿಕೊಂಡರು. "ನನ್ನ ವಿಸ್ಕಿ! ಇಪ್ಪತ್ತ್ ವರ್ಷದಿಂದ ಕುಡೀತೆ, ಆ ಪೆಟ್ಟಿಗಿ ನಂಗೆ ಹೊಳೀಲೇ ಇಲ್ಲ!"

ಎರಡನೆಯದು. "ಇದ್ ಗೊತ್ತಿತ್ತ್. ಐಸಿಂದ್." ಅವಳು ಕೀರ್ತನ್ ಕಡೆ ನೋಡಲಿಲ್ಲ. ಆದರೂ ಅವನ ಕಿವಿ ಕೆಂಪಾದದ್ದು ಅವಳಿಗೆ ತಿಳಿಯಿತು.

ಮೂರನೆಯದು. ಅವಳು ಎರಡು ಸಲ ಮೂಸಿದಳು. "ಮಾವಿನ ಹೂ. ಹೂವೇ, ಹಣ್ಣಲ್ಲ. ಜೇನು. ಆಗಷ್ಟೇ ಬಿಸ್ಲಿಗೆ ಹಾಕಿದ್ ಭತ್ತ. ಇದ್... ಇದ್ ಸಾಧು. ಕೂಗ್ತಿಲ್ಲೆ."

"ಅದ್ ಯಾರಿಗಿಷ್ಟ ಹೇಳಿ ಕಾಂಬ?" ಪ್ರಖ್ಯಾತ್ ಕೆಣಕಿದ.

ಪ್ರಣೀತಾ ತಲೆಯೆತ್ತಿದಳು. ಕೀರ್ತನ್ ನೆಲ ನೋಡುತ್ತಿದ್ದ. ಹಿಂಬಾಗಿಲಲ್ಲಿ ಕೂಗಾಡಿದ ಅದೇ ಮನುಷ್ಯ!

"ಇವ್ರಿಗೆ," ಎಂದಳು.

ಇಡೀ ಕೋಣೆ ಚಪ್ಪಾಳೆ ತಟ್ಟಿತು.

ಅಂದಿನಿಂದ ಕೀರ್ತನ್‌ನ ಕೈಯಲ್ಲಿ ಒಂದು ನೋಟು ಪುಸ್ತಕ ಕಾಣಿಸತೊಡಗಿತು. ಮೀನಿನ ಲೆಕ್ಕಕ್ಕೆ ಎಂದು ಅವಳು ಬಂದಾಗಲೆಲ್ಲ ಅವನು ಎರಡು ಗ್ಲಾಸು ತಂದಿಡುತ್ತಿದ್ದ. ಅವಳು ಹೇಳುತ್ತಿದ್ದಳು, ಅವನು ಬರೆಯುತ್ತಿದ್ದ. ಕೊಬ್ಬರಿ ಒಣಗಿಸುವ ಅಟ್ಟದ ಹೊಗೆ. ಮುರುಗಲು ಹಣ್ಣಿನ ಸಿಪ್ಪೆ. ಉಪ್ಪಿನ ಭರಣಿಯೊಳಗಿನ ಮಾವಿನ ಮಿಡಿ.

ಒಂದು ದಿನ ಅವಳಿಗೆ ತನ್ನ ಕೂದಲಿನ ಮಲ್ಲಿಗೆಯ ವಾಸನೆ ಬಂತು. ಅವಳು ಬೆಚ್ಚಿದಳು. ಮಲ್ಲಿಗೆ ಮುಡಿದದ್ದೇ ನೆನಪಿರಲಿಲ್ಲ! ಬೆಳಿಗ್ಗೆ ಅತ್ತೆ ಜಲಜ, ಒಂದು ಮಾತೂ ಆಡದೆ, ಹಿಂದಿನಿಂದ ಮುಡಿಸಿದ್ದರು.

'ನನಗೆ ಏನಾಗುತ್ತಿದೆ?'

* * *

ಡಿಸೆಂಬರಿನಲ್ಲಿ ಮೂರೂರಿನ ಪಂದ್ಯ. ಕುಂದಾಪುರ, ಬೈಂದೂರು, ಬ್ರಹ್ಮಾವರದ ವಿಸ್ಕಿಪ್ರಿಯರೆಲ್ಲ ಒಂದು ಕಡೆ ಸೇರಿ, ಮುಚ್ಚಿದ ಗ್ಲಾಸುಗಳನ್ನು ಗುರುತಿಸುವುದು. ಪಂದ್ಯ ಶುರುವಾಗುವ ಮೊದಲು ಒಬ್ಬರು ತಮ್ಮ ಮನೆಯ ಬಾಟ್ಲಿ ತಂದು ಎಲ್ಲರಿಗೂ ಹಂಚುವುದು ರೂಢಿ. ಆ ಬಾಟ್ಲಿಯನ್ನು ಎರಡು ದಿನ ಮೊದಲೇ ಕೀರ್ತನ್‌ನ ಕೈಗೆ ಕೊಡಬೇಕು. ಅವನು ಬೀಗ ಹಾಕಿಟ್ಟು, ಪಂದ್ಯದ ದಿನ ಎಲ್ಲರೆದುರು ತೆಗೆಯುತ್ತಾನೆ.

"ಈ ಸಲದ್ದ್ ನಂದ್," ಎಂದಳು ಪ್ರಣೀತಾ.

ಶುಕ್ರವಾರ ಅವಳು ಕಪಾಟಿನ ಬೀಗ ತೆಗೆದಳು. ಬಾಟ್ಲಿ ಇಟ್ಟಲ್ಲೇ ಇತ್ತು. ವಿಸ್ಕಿ ಪೆನ್ನಿನ ಗೆರೆಗೆ ಸರಿಯಾಗಿ ನಿಂತಿತ್ತು. ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಇಲ್ಲ. ಬಿರಡೆ ತೆಗೆಯುವ ಧೈರ್ಯ ಆಗಲಿಲ್ಲ. ಹಳೆಯ ಟವೆಲಿನಲ್ಲಿ ಸುತ್ತಿ ಕೀರ್ತನ್‌ನ ಕೈಗಿಟ್ಟಳು.

"ಇದ್ ನಮ್ಮವ್ರದ್ದ್. ಇದ್ ಬಿಟ್ರೆ ಅವ್ರದ್ದ್ ಅಂಬುದ್ ನನ್ ಹತ್ರ ಎಂತದೂ ಇಲ್ಲೆ."

"ಕಣ್ಣಂಗೆ ಕಾಣ್ತೆ," ಎಂದ ಕೀರ್ತನ್.

ಅವಳು ನಂಬಿದಳು. ಮೂರು ವರ್ಷಗಳಲ್ಲಿ ಮೊದಲ ಸಲ ಒಬ್ಬರನ್ನು ನಂಬಿದಳು!

ಭಾನುವಾರ ನಲವತ್ತು ಜನರೆದುರು ಬಾಟ್ಲಿ ಹೊರಬಂತು. ಬಿರಡೆ ತೆಗೆದು ಮೊದಲ ಗ್ಲಾಸನ್ನು ಅವಳ ಕೈಗೇ ಕೊಟ್ಟರು.

ಅವಳು ಮೂಗಿನ ಹತ್ತಿರ ತಂದಳು. ಜೋನಿ ಬೆಲ್ಲಕ್ಕೆ ಕಾದಳು. ಕಿತ್ತಳೆ ಸಿಪ್ಪೆಗೆ ಕಾದಳು...

ಬಂದದ್ದು ಸುಟ್ಟ ಸಕ್ಕರೆ. ಅಗ್ಗದ ಎಸೆನ್ಸು. ಕೆಮ್ಮಿನ ಸಿರಪ್ಪು. ಅದರ ಹಿಂದೆ, ಎಲ್ಲೋ ದೂರದಲ್ಲಿ, ಉಸಿರು ಕಟ್ಟಿದ ಹಾಗೆ ಅವನ ವಿಸ್ಕಿ.

ಅವಳು ಗ್ಲಾಸನ್ನು ಮೇಜಿನ ಮೇಲಿಟ್ಟಳು.

"ಇದ್ ಅವ್ರದ್ದಲ್ಲ."

"ಎಂತ?"

"ಇದಕ್ಕೆ ಬೆರಕೆ ಹಾಕಿದ್ರ್!" ಅವಳು ಕೀರ್ತನ್ ಕಡೆ ತಿರುಗಿದಳು. ದನಿ ಅವಳದ್ದೇ ಅಲ್ಲ ಎಂಬಂತಿತ್ತು. "ಗೆರೆವರೆಗೆ ಇತ್ತ್. ಶುಕ್ರವಾರ ನಾನೇ ಕಂಡಿದ್ದೆ. ಕುಡಿದ್ರಿ, ಆಮೇಲೆ ಸುರ್ದ್ ತುಂಬ್ಸಿದ್ರಿ ಅಲ್ದಾ? ನಿಮ್ಗೆ ವಿಸ್ಕಿ ಬೇಕಿದ್ರೆ ಊರಲ್ಲಿ ಅಂಗಡಿ ಇರ್ಲಿಲ್ಯಾ? ನನ್ನದ್ದೇ ಬೇಕಿತ್ತಾ!"



"ಪ್ರಣೀತಾ... ನಾ ಮುಟ್ಲಿಲ್ಲ," ಎಂದ ಕೀರ್ತನ್. ಅಷ್ಟೇ ಹೇಳಿದ.

"ಬೀಗದ ಕೈ ಇವ್ನ ಹತ್ರ ಮಾತ್ರ ಇದ್ದದ್ದ್," ಎಂದ ಪ್ರಖ್ಯಾತ್ ಎದ್ದು ನಿಂತು. "ಬಾರಿನ ಯಜಮಾನನೇ ಬೆರಕೆ ಮಾಡ್ರೆ ಇನ್ನ್ ಯಾರನ್ನ್ ನಂಬೂದ್?"

ಪ್ರಣೀತಾ ಮೆಟ್ಟಿಲಿಳಿದು ಹೊರಟೇ ಹೋದಳು. ಬಾಟ್ಲಿಯನ್ನು ಎದೆಗವಚಿಕೊಂಡು.

ಆ ವಾರವೇ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಕೊಕ್ಕರ್ಣೆಯವರೆಗೆ ಹೋಯಿತು. ತಲ್ಲೂರಿನ ಹೋಟೆಲಿನಲ್ಲಿ ಬೆರಕೆ ವಿಸ್ಕಿ! ಮೇಲಂತಸ್ತಿನ ಮೇಜುಗಳು ಖಾಲಿಯಾದವು. ಮದುವೆಯ ಊಟ ಹೇಳಿದ್ದವರು ಬೇಡ ಎಂದರು. ಕೀರ್ತನ್ ಯಾರಿಗೂ ಉತ್ತರ ಕೊಡಲಿಲ್ಲ. ಮೀನಿನ ಗಾಡಿ ಬಂದಾಗ ಮಾತ್ರ ಹೊರಗೆ ಬಂದು ಇಣುಕುತ್ತಿದ್ದ.

ಅವಳು ಬರುತ್ತಿರಲಿಲ್ಲ. ಬೇರೆಯವರನ್ನು ಕಳಿಸುತ್ತಿದ್ದಳು.

* * *

ಮುಂದಿನ ವಾರ ಜಿತೇಂದ್ರನ ವರ್ಷದ ಎಡೆ.

ಸತ್ತವರಿಗೆ ಪ್ರಿಯವಾದುದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಂದೆ ಮಾಡಿ, ಮನೆಯವರು ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುವಷ್ಟು ಹೊತ್ತು.

ಜಲಜ ಬೆಳಗಿನಿಂದ ಒಬ್ಬರೇ ಮಾಡಿದ್ದರು. ಬಂಗುಡೆ ಸಾರು, ಕೋಳಿ, ಕೊಟ್ಟೆ ಕಡುಬು. ಪ್ರತಿ ವರ್ಷವೂ ಹಾಗೆಯೇ. ಪ್ರಣೀತಾ ಆ ಕೋಣೆಗೆ ಹೋಗುತ್ತಿರಲಿಲ್ಲ. ಆ ಎಲೆ ನೋಡುವ ಶಕ್ತಿ ಅವಳಿಗಿರಲಿಲ್ಲ. ಅತ್ತೆಯೂ ಕರೆಯುತ್ತಿರಲಿಲ್ಲ.

ಬಾಗಿಲು ಮುಚ್ಚಿತು. ಅತ್ತೆ ಸೊಸೆ ಜಗಲಿಯಲ್ಲಿ ಕೂತರು.

ಬಾಗಿಲ ಸಂದಿಯಿಂದ ಮಸಾಲೆಯ ಘಮ ಬಂತು. ಧೂಪ ಬಂತು. ಆಮೇಲೆ...

ಸುಟ್ಟ ಸಕ್ಕರೆ. ಎಸೆನ್ಸು. ಕೆಮ್ಮಿನ ಸಿರಪ್ಪು!

ಪ್ರಣೀತಾ ಅತ್ತೆಯ ಕಡೆ ತಿರುಗಿದಳು.

"ಅತ್ತೆ... ಎಲೆಗೆ ಎಂತ ಇಟ್ರಿ?"

ಜಲಜ ಸೆರಗಿನ ತುದಿ ಹೊಸೆಯತೊಡಗಿದರು. ಗಂಗೊಳ್ಳಿ ಬಂದರಿನಲ್ಲಿ ನಲವತ್ತು ವರ್ಷ ಮೀನು ಮಾರಿದ ಹೆಂಗಸು, ಯಾರಿಗೂ ತಗ್ಗಿ ಮಾತಾಡಿದವರಲ್ಲ. ಈಗ ನೆಲ ನೋಡಿದರು.

"ಬ್ರಾಂದಿ," ಎಂದರು ಕೊನೆಗೆ. "ಈ ವರ್ಷ ಅವ್ನ ಬಾಟ್ಲಿ ನೀ ಕೊಂಡೋಯಿದ್ದೆ ಅಲ್ದಾ. ವಾಪಸ್ ಬಪ್ಪತಿಗೆ ಗೆರೆಯಿಂದ ಕೆಳ್ಗ್ ಇಳದಿತ್ತ್. ಅದ್ರಿಂದ ಹ್ಯಾಂಗ್ ಸುರೂದ್ ಮಗಾ, ನೀ ಕಾಂತೆ ಅಲ್ದಾ..."

"ಮುಂಚಿನ ವರ್ಷ?"

"ಅವ್ನದ್ದೇ ಕೊಡ್ತಿದ್ದೆ. ಎಡೆಗೊಂದ್ ಗ್ಲಾಸ್. ದೀಪಾವಳಿಗೊಂದ್. ಹುಟ್ದಬ್ಬಕ್ಕೊಂದ್. ನೀ ಕೆಲ್ಸಕ್ಕೆ ಹೋದ್ ಮೇಲೆ ಕಪಾಟ್ ತೆಗೀತಿದ್ದೆ, ಇನ್ನೊಂದ್ ಕೀಲಿಕೈ ನನ್ನ ಹತ್ರ ಇತ್ತಲೆ. ಅವ್ನಿಗೆ ಅದೇ ಅಲ್ದಾ ಪ್ರೀತಿ? ಸತ್ತವ್ನ ಬಾಯಿಗೆ ಬ್ಯಾರೆದ್ ಹಾಕೂಕೆ ಆತ್ತಾ?"

ಪ್ರಣೀತಾ ಮುಚ್ಚಿದ ಬಾಗಿಲಿನ ಕಡೆ ನೋಡಿದಳು.

"ಆದ್ರೆ ಗೆರೆ ಇತ್ತಲೆ! ನೀ ಆ ಗೆರೆ ಮುಟ್ಟಿ ಮುಟ್ಟಿ ಕಣ್ಣೀರ್ ಹಾಕಿ ಮರ್‍ಕಿದ್ದ್ ನಾ ಕಂಡಿದ್ದೆ. ಕಮ್ಮಿ ಆದ್ರೆ ಹೆಣ್ಣಿನ ಎದೆ ಒಡೀತ್ತ್ ಅಂದೇಳಿ... ಅಂಗಡಿಯಿಂದ ಬ್ರಾಂದಿ ತಂದ್ ಗೆರೆವರೆಗೆ ತುಂಬ್ಸಿದೆ. ಸಮ ಗೆರೆವರೆಗೆ. ಬಣ್ಣ ಒಂದೇ ಇತ್ತ್ ಮಗಾ. ನಂಗೆ ಎರಡೂ ಒಂದೇ ಕಂಡತ್ತ್."

ಪ್ರಣೀತಾಳಿಗೆ ಅಳು ಬಂತು. ಮೂರು ವರ್ಷದ್ದು ಒಟ್ಟಿಗೇ ಬಂತು. ಅತ್ತೆಯ ಮಡಿಲಿನಲ್ಲಿ ಮುಖವಿಟ್ಟು ಅವಳು ಎಷ್ಟು ಅತ್ತಳೆಂದರೆ, ಒಳಗೆ ಉಣ್ಣುತ್ತಿದ್ದವನಿಗೂ ಕೇಳಿಸಿರಬೇಕು.

ಇಷ್ಟು ವರ್ಷ ಅವನಿಗೆ ಅವನ ವಿಸ್ಕಿ ಸಿಕ್ಕಿತ್ತು! ಬಾಟ್ಲಿಯನ್ನು ಹೊರಗೆ ತಾರದೆ ಬೀಗ ಹಾಕಿಟ್ಟದ್ದು ಅವಳು. ಕೊಟ್ಟದ್ದು ಅವನ ಅಮ್ಮ.

ಅಳು ನಿಂತಾಗ ಇನ್ನೊಂದು ನೆನಪಾಯಿತು. ಎದ್ದು ಕೂತಳು.

"ಅತ್ತೆ. ನಾನೊಬ್ಬ ಒಳ್ಳೆಯವ್ರ ಹೆಸ್ರ್ ಹಾಳ್ ಮಾಡಿದೆ. ನಲ್ವತ್ ಜನ್ರ ಎದ್ರ್."

ಜಲಜ ಅವಳ ಮುಖವನ್ನೇ ನೋಡಿದರು. ಆ ಹೆಸರು ಯಾವುದೆಂದು ಕೇಳಲಿಲ್ಲ. ನವೆಂಬರಿನಿಂದ ಸೊಸೆ ಮನೆಗೆ ಬರುವಾಗ ಹಾಡು ಗುನುಗುತ್ತಿದ್ದದ್ದನ್ನು ಅವರು ಕೇಳಿದ್ದರು. ಎರಡು ವಾರದಿಂದ ಅದು ನಿಂತದ್ದನ್ನೂ.

"ನಲ್ವತ್ ಜನ್ರ ಎದ್ರೇ ತಿದ್ದ್," ಎಂದರು. "ನಾನೂ ಬತ್ತೆ."

* * *

ಭಾನುವಾರ ಮೂರೂರಿನವರೂ ಮತ್ತೆ ಸೇರಿದ್ದರು. ಅಂದು ಎರಡು ತೀರ್ಮಾನ ಆಗಬೇಕಿತ್ತು. ಕೀರ್ತನ್‌ನನ್ನು ಕೂಟದಿಂದ ತೆಗೆಯುವುದು. ಕೂಟವನ್ನು ಬೈಂದೂರಿಗೆ ಸಾಗಿಸುವುದು.

ಕೀರ್ತನ್ ಮೂಲೆಯಲ್ಲಿ ನಿಂತಿದ್ದ. ಸೊರಗಿದ್ದ.

ಬಾಗಿಲು ತೆರೆಯಿತು. ಮೊದಲು ಬಂದದ್ದು ಜಲಜ! ಎಡೆಯ ದಿನ ಉಟ್ಟ ಅದೇ ಸೀರೆ, ಕಂಕುಳಲ್ಲಿ ಮೀನು ಮಾರುವಾಗ ಹಿಡಿಯುತ್ತಿದ್ದ ಚೀಲ. ಹಿಂದೆ ಪ್ರಣೀತಾ, ಕೈಯಲ್ಲಿ ಬಾಟ್ಲಿ.

"ಇಲ್ಲಿ ಹೆಡ್ಡ್ ಯಾರ್?" ಎಂದರು ಜಲಜ.

ರತ್ನಾಕರ ಶೆಟ್ರು ಎದ್ದು ನಿಂತು ಕುರ್ಚಿ ಸರಿಸಿದರು. "ನಾನೇ... ಕೂಕಣಿ ಅಕ್ಕ."

"ಕೂಕಂಬುಕೆ ಬರ್ಲಿಲ್ಲ. ತಪ್ಪ್ ನಂದ್. ನನ್ನ ಮಗ್ನ ಎಡೆಗೆ ಅವ್ನ ಬಾಟ್ಲಿಯಿಂದ ನಾ ತೆಗ್ದೆ. ಖಾಲಿ ಆದ್ದಕ್ಕೆ ಬ್ರಾಂದಿ ಸುರ್ದೆ. ಆ ಗಂಡ್ ಮಗು ಪಾಪ, ಮುಟ್ಲಿಲ್ಲ." ಚೀಲದಿಂದ ಒಂದು ಕ್ವಾರ್ಟರ್ ಬಾಟ್ಲಿ ತೆಗೆದು ಮೇಜಿನ ಮೇಲೆ ಟಕ್ ಎಂದು ಇಟ್ಟರು. "ಹೋಯ್, ಮೂಸಿ ಕಾಣಿ!"

ಪ್ರಖ್ಯಾತ್ ತಲೆ ಅಲ್ಲಾಡಿಸಿದ. "ಅಕ್ಕ, ನಿಮ್ಗೆ ಬೇಜಾರ್ ಮಾಡೂಕೆ ಅಲ್ಲ. ಆದ್ರೆ ಹೆಸ್ರ್ ಉಳ್ಸೂಕೆ ಹೀಂಗೂ ಹೇಳ್ಲಕ್ಕಲೆ? ಬಾಟ್ಲಿಯಲ್ಲ್ ಇಪ್ಪುದ್ ಇದೇ ಬ್ರಾಂದಿ ಅಂಬುದಕ್ಕೆ ಎಂತ ಸಾಕ್ಷಿ?"

"ನನ್ ಮೂಗ್," ಎಂದಳು ಪ್ರಣೀತಾ.

"ಮುಚ್ಚಿದ್ ಗ್ಲಾಸಲ್ಲ್ ಕಂಡ್ಹಿಡೀತ್ರ್ಯಾ? ನಾನೇ ತುಂಬ್ಸ್‌ತೆ."

"ತುಂಬ್ಸಿ."

ಪ್ರಖ್ಯಾತ್ ಅಕ್ಕನ ಕ್ವಾರ್ಟರ್ ಬಾಟ್ಲಿಯನ್ನೂ ಎತ್ತಿಕೊಂಡು ಕೆಳಗಿನ ಬಾರಿಗೆ ಹೋದ. ಹತ್ತು ನಿಮಿಷ ಕಳೆದು ಏಳು ಗ್ಲಾಸು ತಂದ. ಎಲ್ಲದರ ಮೇಲೂ ತಟ್ಟೆ. ನೋಡಲು ಏಳೂ ಒಂದೇ ಬಣ್ಣ. ಬಾಟ್ಲಿಯಿಂದ ಎಂಟನೆಯ ಗ್ಲಾಸಿಗೆ ಸ್ವಲ್ಪ ಹಾಕಿ ಅವಳ ಮುಂದಿಟ್ಟ.

ಪ್ರಣೀತಾ ಮೊದಲು ಬಾಟ್ಲಿಯ ಗ್ಲಾಸನ್ನು ಮೂಸಿದಳು. ನಿಧಾನವಾಗಿ, ಭಯವಿಲ್ಲದೆ. ಎರಡು ತೊಟ್ಟು ನೀರು ಬಿಟ್ಟಳು. ಮತ್ತೆ ಮೂಸಿದಳು.

ಮೊದಲ ಗ್ಲಾಸು. "ಇದ್ ರಮ್ಮ್. ಕಬ್ಬಿನ ಗಾಣದ ಬದಿ."

ಎರಡನೆಯದು. "ಬ್ರಾಂದಿ. ಆದ್ರೆ ಅಲ್ಲ. ಇದ್ರಲ್ಲಿ ವೆನಿಲ್ಲಾ ಇತ್ತ್, ಐಸ್‌ಕ್ರೀಮಿಂದ್."

ಮೂರು. "ಶೆಟ್ರ ಪೆಟ್ಟಿಗಿ." ಯಾರೋ ಕಿಸಕ್ಕೆಂದರು.

ನಾಲ್ಕು. ಅವಳು ತುಸು ಹೆಚ್ಚು ಹೊತ್ತು ನಿಂತಳು. ಪ್ರಖ್ಯಾತ್‌ನ ತುಟಿಯಲ್ಲಿ ನಗು ಮೂಡಿತು. "ಇದೂ ಬ್ರಾಂದಿ. ಹತ್ರ ಹತ್ರ ಬಂತ್. ಆದ್ರೆ ಸಿರಪ್ ಇಲ್ಲೆ."

ನಗು ಮಾಯವಾಯಿತು.

ಐದು. ಅವಳು ಮೂಗಿನ ಹತ್ತಿರ ತಂದವಳೇ ಕೆಳಗಿಟ್ಟಳು.

"ಇದ್. ಸುಟ್ಟ ಸಕ್ಕರೆ, ಎಸೆನ್ಸ್, ಕೆಮ್ಮಿನ ಮದ್ದ್. ಅತ್ತೆಯ ಬ್ರಾಂದಿ." ಆಮೇಲೆ ತಲೆಯೆತ್ತಿದಳು. "ಆರನೇದ್ದ್ ನಿಮ್ಮ ಹೊಗೆ. ಮೂಸೂದೇ ಬೇಡ, ಇಲ್ಲಿಗೇ ಬತ್ತಿತ್ತ್. ಏಳನೇದ್ದ್..." ತಟ್ಟೆ ಸರಿಸಿದಳು. "ಏಳನೇದ್ದ್ ವಿಸ್ಕಿ ಅಲ್ಲ, ಬ್ರಾಂದಿಯೂ ಅಲ್ಲ ಪ್ರಖ್ಯಾತರೆ. ಹಾಲಿಲ್ಲದ್ ಕಟ್ ಚಾ!"

ಪ್ರಖ್ಯಾತ್ ಐದನೆಯ ಗ್ಲಾಸಿನ ತಳ ತಿರುಗಿಸಿ ಎಲ್ಲರಿಗೂ ತೋರಿಸಿದ. ತಾನೇ ಅಂಟಿಸಿದ್ದ ಚೀಟಿ. 'ಅಕ್ಕನ ಬ್ರಾಂದಿ.'

ಕೋಣೆ ಎದ್ದು ನಿಂತಿತು! ಬ್ರಹ್ಮಾವರದವರು ಮೇಜು ಬಡಿದರು. ರತ್ನಾಕರ ಶೆಟ್ರು ಕಣ್ಣೊರಸಿಕೊಂಡರು. ನಾಗಣ್ಣ ಅಡುಗೆ ಬಿಟ್ಟು ಓಡಿ ಬಂದ. ಪ್ರಖ್ಯಾತ್ ನೇರ ಕೀರ್ತನ್‌ನ ಬಳಿ ಹೋಗಿ ಕೈ ಹಿಡಿದ.

"ನನ್ ಬಾಯಿ ದೊಡ್ಡದಾಯ್ತ್ ಮಾರಾಯ. ಮುಂದಿನ ಪಂದ್ಯವೂ ಇಲ್ಲೇ. ಮೂರೂರಿನ ಗ್ರೂಪಿಗೂ ನಾನೇ ಬರೀತೆ."

ಪ್ರಣೀತಾ ಕೈಯೆತ್ತಿದಳು. ಗದ್ದಲ ನಿಂತಿತು.

"ಅಂದ್ ಇಲ್ಲಿ ನಿಂತೇ ನಾ ಕೂಗಿದ್ದೆ. ಇಲ್ಲಿ ನಿಂತೇ ಹೇಳ್ತೆ. ಕೀರ್ತನ್ ಶೆಟ್ರ್ ನನ್ನ ಬಾಟ್ಲಿಯನ್ನ ಕಣ್ಣಂಗೆ ಕಂಡಿದ್ರ್. ತಪ್ಪ್ ಮಾಡಿದ್ದ್ ನಾನ್. ಕ್ಷಮೆ ಕೇಳ್ತೆ."

"ನಿಮ್ಮ ಮೂಗ್ ಅವತ್ತೂ ಸರಿಯೇ ಇತ್ತ್," ಎಂದ ಕೀರ್ತನ್ ಮೆಲ್ಲಗೆ.

"ಮೂಗ್ ಸರಿ ಇತ್ತ್. ಬಾಯಿ ತಪ್ಪ್ ಹೆಸ್ರ್ ಹೇಳ್ತ್."

* * *

ಸಂಜೆಯ ಬಿಸಿಲು ಹಿಂಬಾಗಿಲಿಗೆ ಬಿದ್ದಿತ್ತು. ಮೇಲೆ ಜಲಜಕ್ಕನಿಗೆ ಎಲ್ಲರೂ ಸೇರಿ ವಿಸ್ಕಿ ಮೂಸಿಸುತ್ತಿದ್ದರು. "ಇದಾ? ಅನ್ನ ಅಡಿ ಹಿಡದಂಗೆ ಇತ್ತ್!" ಎಂಬ ಅವರ ಮಾತಿಗೆ ನಗು ಕೆಳಗಿನವರೆಗೆ ಉರುಳಿ ಬಂತು.

ಪ್ರಣೀತಾ ಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಕೀರ್ತನ್ ಬಂದು ನಿಂತ. ಕೈಯಲ್ಲಿ ಅದೇ ನೋಟು ಪುಸ್ತಕ.

"ಇದ್ ನಿಮ್ಗೆ ಕೊಡ್ಕ್ ಅಂದೇಳಿ..."

ಅವಳು ಪುಟ ತೆರೆದಳು. ಮೊದಲ ಸಾಲು, ಅವನ ದುಂಡು ಅಕ್ಷರದಲ್ಲಿ. 'ಬೋಟಿನ ಹಳೇ ಹಗ್ಗ, ಡಾಂಬರ್.' ಕೆಳಗೆ ತಾರೀಕು. ಅವಳು ಮೊದಲ ದಿನ ಹೇಳಿದ್ದು. ಅದರ ಕೆಳಗೆ ಸಣ್ಣದಾಗಿ, 'ಇವತ್ತು ಅವರು ನಗಲಿಲ್ಲ. ಆದರೆ ನಗುವವರಿದ್ದರು.'

ಪುಟ ಪುಟದಲ್ಲೂ ಹಾಗೆಯೇ. ವಿಸ್ಕಿಯ ಬಗ್ಗೆ ಒಂದು ಸಾಲು. ಅವಳ ಬಗ್ಗೆ ಒಂದು.

'ಇವತ್ತು ಮಲ್ಲಿಗೆ.'

ಅಕ್ಷರಗಳು ಮಸುಕಾದವು.

"ನಿಮ್ಮ ಮನಸ್ಸಲ್ಲಿ ಜಿತೇಂದ್ರ ಇದ್ರ್, ನಂಗೊತ್ತಿತ್ತ್," ಎಂದ ಕೀರ್ತನ್. ಮಾತು ಹುಡುಕಿ ಹುಡುಕಿ ಆಡಿದ. "ಅವ್ರ ಜಾಗ ನಂಗೆ ಬೇಡ. ಗೆರೆ ಕೆಳ್ಗೆ... ಉಳ್ದದ್ದ್ ಎಂತಾರೂ ಇದ್ರೆ..."

ಪ್ರಣೀತಾ ಪಕ್ಕದಲ್ಲಿದ್ದ ಬಾಟ್ಲಿಯನ್ನು ಎತ್ತಿಕೊಂಡಳು. ಜಿತೇಂದ್ರನ ವಿಸ್ಕಿ, ಅವನ ಅಮ್ಮನ ಬ್ರಾಂದಿ. ಇನ್ನು ಬೇರೆ ಮಾಡಲು ಬಾರದಂತೆ ಬೆರೆತದ್ದು. ಒಂದು ಗ್ಲಾಸಿಗೆ ಒಂಚೂರು ಹಾಕಿದಳು.

ಇಷ್ಟು ದಿನ ಮೂಸಿದ್ದಳು ಅಷ್ಟೇ. ಒಂದು ಹನಿಯೂ ನಾಲಿಗೆಗೆ ಮುಟ್ಟಿಸಿರಲಿಲ್ಲ. ಈಗ ತುಟಿಗಿಟ್ಟಳು.

ಉರಿಯಿತು! ಕಣ್ಣಲ್ಲಿ ನೀರು ಬಂತು. ಆಮೇಲೆ ಎದೆಯಿಂದ ಬೆಚ್ಚಗೆ ಏನೋ ಹರಡಿತು. ಕಾಲಬೆರಳಿನವರೆಗೆ.

"ಹ್ಯಾಂಗಿತ್ತ್?" ಕೀರ್ತನ್ ಕೇಳಿದ.

"ಪಂದ್ಯಕ್ಕೆ ಇಟ್ರೆ ಸೋಲತ್ತ್," ಎಂದಳು. ಕೆಮ್ಮುತ್ತಾ ನಕ್ಕಳು. "ಆದ್ರೆ ನಂಗೆ ಇದೇ ಸಾಕ್." ಗ್ಲಾಸನ್ನು ಅವನ ಕೈಗಿಟ್ಟಳು. "ಉಳದದ್ದ್ ನಿಮ್ದ್."

ಅವನು ಕುಡಿದ. ಗ್ಲಾಸು ಕೆಳಗಿಟ್ಟು ಅವಳ ಪಕ್ಕ ಕೂತ.

"ಮತ್ತೆ ನನ್ನ ಬಗ್ಗೆ? ನಿಮ್ಮ ಮೂಗ್ ಎಂತ ಹೇಳತ್ತ್?"

ಪ್ರಣೀತಾ ಅವನ ಭುಜದ ಹತ್ತಿರ ಬಾಗಿದಳು. ಕಣ್ಣು ಮುಚ್ಚಿದಳು.

"ತೆಂಗಿನೆಣ್ಣಿ. ಇಸ್ತ್ರಿ ಹಾಕಿದ್ ಅಂಗಿ. ಒಂಚೂರ್ ಹೆದ್ರಿಕೆ..." ಸ್ವಲ್ಪ ತಡೆದಳು. "ಇನ್ನೂ ಎಂತದೋ ಇತ್ತ್. ಹೆಸ್ರ್ ಸಿಕ್ತಿಲ್ಲೆ."

"ಹುಡ್ಕಿ. ಎಷ್ಟ್ ದಿನ ಬೇಕ್?"

"ನೀವೆಲ್ಲ ಹೇಳ್ತ್ರಿ ಅಲ್ದಾ ಕೀರ್ತನ್, ಹನ್ನೆರಡ್ ವರ್ಷ ಕೂತ್ರೆ ಒಳ್ಳೇದಾತ್ತ್ ಅಂದೇಳಿ?"

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

"ಹ್ವಾಯ್ ಹೆಣೆ!" ಮೇಲಿನ ಕಿಟಕಿಯಿಂದ ಜಲಜರ ದನಿ. "ಗಂಗೊಳ್ಳಿ ಬಸ್ಸ್ ಹೋತ್ತ್!"

"ಬಸ್ ಬೇಡ ಅತ್ತೆ," ಎಂದ ಕೀರ್ತನ್, ಎದ್ದು ನಿಂತು. "ನಾ ಮನಿಗ್ ಬಿಟ್ಟಿಕ್ ಬತ್ತೆ."

ಜಲಜ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಅತ್ತೆ ಅಂಬ್ರ್!" ಎಂದರು ಜಲಜ, ಒಳಗಿದ್ದ ನಲವತ್ತು ಜನರಿಗೂ ಕೇಳುವಂತೆ. "ಮೀನ್ ಮಾರು ನಾವ್ ಯಾರ್, ಹೋಟೆಲಿನ ಶೆಟ್ರ್ ಯಾರ್ ಅಂದ್ ನಾ ಯೋಚ್ನಿ ಮಾಡ್ತಾ ಇದ್ರೆ, ಇವ್ನಿಗೆ ನಾ ಆಗ್ಳೇ ಅತ್ತೆ!" ಆಮೇಲೆ ದನಿ ಇಳಿಸಿದರು. ಇಳಿಸಿದರೂ ಕೆಳಗೆ ಕೇಳಿಸಿತು. "ಹೋಯ್ಲಿ. ಬಾಟ್ಲಿಯಲ್ಲ್ ಒಂದ್ ಗ್ಲಾಸ್ ಉಳ್ಸಿ. ಬಪ್ಪ್ ವರ್ಷದ ಎಡೆಗೆ ಬೇಕ್. ಅವ್ನಿಗೂ ಸುದ್ದಿ ಹೇಳ್ಕ್ ಅಲ್ದಾ."

ಪ್ರಣೀತಾ ಬಾಟ್ಲಿ ಎತ್ತಿ ಬ್ಯಾಗಿನಿಂದ ಪೆನ್ನು ತೆಗೆದಳು. ಹಳೆಯ ಗೆರೆಯ ಕೆಳಗೆ, ಈಗ ಉಳಿದಿದ್ದ ಮಟ್ಟಕ್ಕೆ, ಇನ್ನೊಂದು ಗೆರೆ ಎಳೆದಳು.

"ಇದ್ಯಾರಿಗೆ?" ಎಂದ ಕೀರ್ತನ್.

"ಇಲ್ಲಿಂದ ಕೆಳ್ಗೆ ಅವ್ರದ್ದ್," ಎಂದಳು ಅವಳು, ಅವನ ಕೈಯನ್ನು ಮತ್ತೆ ಹಿಡಿದು. "ನಮ್ದ್ ಹೊಸ ಬಾಟ್ಲಿ."